ಕೆನೆ ನೋಡಿ ಹಾಲು ಅಳೆದದ್ದು

ಬಂಗಾಳ ಕೊಲ್ಲಿಯ ಉಪ್ಪು ಅಳೆಯುತ್ತೇನೆ ಎಂದರೆ ಮನೆಯವರು ದೋಣಿ, ಬಾಟಲಿ ಎಲ್ಲ ಕಲ್ಪಿಸಿಕೊಳ್ಳುತ್ತಾರೆ. ನಾನು ಲ್ಯಾಪ್‌ಟಾಪ್ ಮುಂದಿನಿಂದ ಎದ್ದರೆ ತಾನೇ!

ಮೊದಲು ಅಕ್ವೇರಿಯಸ್ ಉಪಗ್ರಹದ (2011–15) ಡೇಟಾ ನೋಡಿದೆ. ಅದರ ಒಂದು ಚುಕ್ಕೆಯೇ ಸುಮಾರು ನೂರು ಕಿಲೋಮೀಟರ್, ನನ್ನ ಕೆಲಸಕ್ಕೆ ತುಂಬಾ ದಪ್ಪ ಕುಂಚ. ಹಾಗಾಗಿ ನಾಸಾದ ಸ್ಮ್ಯಾಪ್ ಉಪಗ್ರಹ ಹಿಡಿದೆ. 2015ರ ಜನವರಿಯಲ್ಲಿ ಅದನ್ನು ಹಾರಿಸಿದ್ದು ಮಣ್ಣಿನ ತೇವ ಅಳೆಯಲು, ಉಪ್ಪು ಅದರ ಉಪಕಸುಬು. ನಿಜ ಹೇಳಬೇಕೆಂದರೆ ಅದಕ್ಕೆ ಉಪ್ಪು ಕಾಣುವುದೇ ಇಲ್ಲ. ಸಮುದ್ರ ತಾನಾಗೇ ಸೂಸುವ, 1.4 ಗಿಗಾಹರ್ಟ್ಸ್ ಸುತ್ತಲಿನ ಮಂದ ರೇಡಿಯೋ ಅಲೆಯನ್ನು ಅದು ಅಳೆಯುತ್ತದೆ. ನೀರು ಉಪ್ಪಾದಷ್ಟೂ ಆ ಸೂಸುವಿಕೆ ಚೂರು ಕಮ್ಮಿ. ಉಪಕರಣ ಈ ಸೂಸುವಿಕೆಯನ್ನು ತಾಪಮಾನದ ಹಾಗೆ ಡಿಗ್ರಿಯಲ್ಲಿ ಹೇಳುತ್ತದೆ; ಕಿಲೋ ನೀರಿಗೆ ಒಂದು ಗ್ರಾಂ ಉಪ್ಪು ಹೆಚ್ಚಿದರೆ ಅದರ ಲೆಕ್ಕದಲ್ಲಿ ಒಂದು ಡಿಗ್ರಿಯೂ ಬದಲಾಗುವುದಿಲ್ಲ. ಗಾಳಿಗೆ ಎದ್ದ ಅಲೆ, ನೀರಿನ ಬಿಸಿ, ಕೊನೆಗೆ ಆಕಾಶಗಂಗೆಯ ಪ್ರತಿಫಲನ ಕೂಡ ಕಳೆದ ಮೇಲೆ ಉಳಿಯುವುದೇ ಉಪ್ಪಿನ ಲೆಕ್ಕ.

ಮಳೆಗಾಲ ಮುಗಿದ ತಿಂಗಳುಗಳ 8 ದಿನದ ಸರಾಸರಿ ನಕ್ಷೆಗಳನ್ನು ಇಳಿಸಿಕೊಂಡೆ. ಪೈಥಾನ್‌ನಲ್ಲಿ ಕೋಡ್ ಬರೆದು ಅವನ್ನು ಆರ್ಗೋ ತೇಲುಯಂತ್ರಗಳ, ಅಂದರೆ ಸಮುದ್ರದಲ್ಲೇ ಇದ್ದು ನೀರಿನ ಉಪ್ಪು ಅಳೆಯುವ ಯಂತ್ರಗಳ, ಅಳತೆಯ ಪಕ್ಕ ಇಟ್ಟೆ. ಕೊಲ್ಲಿಯ ದಕ್ಷಿಣದಲ್ಲಿ ಎರಡೂ ಚೆನ್ನಾಗಿ ತಾಳೆಯಾದವು. ಉತ್ತರದಲ್ಲಿ ಮಾತ್ರ ಉಪಗ್ರಹದ ನೀರು ಪದೇ ಪದೇ ಸಪ್ಪೆ. ಎರಡು ವಾರ ಕೋಡ್‌ನಲ್ಲೇ ತಪ್ಪು ಹುಡುಕಿದೆ. ಅಕ್ಷಾಂಶ, ರೇಖಾಂಶ ಅದಲುಬದಲಾಗಿದೆಯಾ ಅಂತ ಮೂರು ಸಲ ನೋಡಿದೆ. ಸುಮ್ನೆ ತಲೆ ಕೆಡಿಸಿಕೊಂಡಿದ್ದೆ. ಆರ್ಗೋದ ಮೇಲ್ಮೈ ಅಳತೆ ಸಾಮಾನ್ಯವಾಗಿ ಸುಮಾರು 5 ಮೀಟರ್ ಆಳದ್ದು. ಉಪಗ್ರಹಕ್ಕೆ ಕಾಣುವುದು ಮೇಲಿನ ಒಂದು ಸೆಂಟಿಮೀಟರ್ ಅಷ್ಟೇ. ಗಂಗಾ, ಬ್ರಹ್ಮಪುತ್ರಾ ಸುರಿದ ನೀರು, ಮಳೆ ನೀರು, ಎರಡೂ ಹಗುರ. ಉಪ್ಪು ನೀರಿನ ಮೇಲೆ ಕೆನೆಯ ಹಾಗೆ ಕೂತಿರುತ್ತವೆ. ನಾನು ಕೆನೆಯನ್ನು ಹಾಲಿನ ಜೊತೆ ಹೋಲಿಸುತ್ತಿದ್ದೆ!

ದಡದ ಹತ್ತಿರ ಮಾತ್ರ ಇವತ್ತಿಗೂ ತಲೆನೋವು. ಮಳೆಗಾಲದ ನಂತರ ಈ ಸಪ್ಪೆ ನೀರು ಪೂರ್ವ ಕರಾವಳಿಯನ್ನು ತಬ್ಬಿಕೊಂಡು ದಕ್ಷಿಣಕ್ಕೆ ಇಳಿಯುತ್ತದೆ, ಸಮುದ್ರದೊಳಗೊಂದು ನದಿಯ ಹಾಗೆ. ಸ್ಮ್ಯಾಪ್‌ನ ಒಂದು ಚುಕ್ಕೆ ಸುಮಾರು 40 ಕಿಲೋಮೀಟರ್. ದಡದ ಪಕ್ಕ ಅದರೊಳಗೆ ನೆಲವೂ ಸೇರಿಕೊಳ್ಳುತ್ತದೆ. ನೆಲ ಸಮುದ್ರಕ್ಕಿಂತ ಎಷ್ಟೋ ಜಾಸ್ತಿ ಸೂಸುತ್ತದೆ, ಹಾಗಾಗಿ ನೀರು ಇನ್ನೂ ಸಪ್ಪೆ ಅನ್ನಿಸುತ್ತದೆ. ನಿಜವಾದ ಸಪ್ಪೆ ಇರುವಲ್ಲೇ ಸುಳ್ಳು ಸಪ್ಪೆಯೂ ಬರಬೇಕಾ? ನೆಲದ ಪಾಲನ್ನು ಕಳೆದೇ ಡೇಟಾ ಕೊಡುತ್ತಾರೆ, ಆದರೂ ನನಗೆ ಧೈರ್ಯ ಸಾಲದು. ನಕ್ಷೆಯಲ್ಲಿ ದಡಕ್ಕೆ ತಾಗಿದ ಮೊದಲ ಎರಡು ಚೌಕ ಬಿಟ್ಟುಬಿಡುತ್ತೇನೆ. ಹಾಗೆ ಬಿಟ್ಟರೆ ವಿಶಾಖಪಟ್ಟಣದ ಮುಂದೆ ಆ ನದಿಯ ದೊಡ್ಡ ಪಾಲೇ ಹೋಗುತ್ತದೆ. ಅಲ್ಲಿಗೆ ಮೀನುಗಾರರು ದೋಣಿಯಿಂದ ತುಂಬಿ ತಂದುಕೊಟ್ಟ ನೀರೇ ಗತಿ. ಹೌದು, ಬಾಟಲಿಯಲ್ಲಿ.