ಆಯಿಲ್ ಜಿನುಗುತ್ತಿದೆಯೇ? ಪಿಸಿವಿ ವಾಲ್ವ್ ಅಲ್ಲಾಡಿಸಿ ನೋಡಿ

ನನ್ನ ಹಳೇ ಪೆಟ್ರೋಲ್ ಕಾರಿಗೆ ಒಂದೇ ವರ್ಷದಲ್ಲಿ ಎರಡು ಸಲ ಟ್ಯಾಪೆಟ್ ಕವರ್ (ಇಂಜಿನ್ನಿನ ತಲೆಯ ಮೇಲಿನ ಮುಚ್ಚಳ) ಗ್ಯಾಸ್ಕೆಟ್ ಹಾಕಿಸಿದೆ. ಎರಡು ಸಲವೂ ತಿಂಗಳೊಳಗೆ ಮತ್ತೆ ಆಯಿಲ್ ಜಿನುಗಿತು. ಗ್ಯಾಸ್ಕೆಟ್‌ನದೇನೂ ತಪ್ಪಿರಲಿಲ್ಲ. ಇಂಜಿನ್ ಒಳಗೆ ಸೇರುವ ಗ್ಯಾಸಿಗೆ ದಾರಿ ಬಿಡುವ, ಹೆಬ್ಬೆರಳು ಗಾತ್ರದ ಪಿಸಿವಿ (ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಶನ್) ವಾಲ್ವ್ ಕಟ್ಟಿಕೊಂಡಿತ್ತು, ಅಷ್ಟೇ.

ಇಂಜಿನ್ ಓಡುವಾಗ ಪಿಸ್ಟನ್ ರಿಂಗ್‌ಗಳ ಸಂದಿಯಿಂದ ಸ್ವಲ್ಪ ಗ್ಯಾಸ್ ಕೆಳಗಿನ ಕ್ರ್ಯಾಂಕ್‌ಕೇಸ್‌ಗೆ ಇಳಿಯುತ್ತದೆ. ಹೊಸ ಇಂಜಿನ್ನಿಗೂ ಇದು ತಪ್ಪಿದ್ದಲ್ಲ. ಹಿಂದೆಲ್ಲ ಅದನ್ನು ಒಂದು ಪೈಪಿನಲ್ಲಿ ಸೀದಾ ರಸ್ತೆಗೇ ಬಿಡುತ್ತಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಹೊಗೆಯ ಕಾಟ ಜಾಸ್ತಿಯಾದ ಮೇಲೆ, 1960ರ ದಶಕದ ಆರಂಭದಲ್ಲಿ ಅಲ್ಲಿನ ಕಾರುಗಳಿಗೆ ಈ ವಾಲ್ವ್ ಬಂತು. ಈಗ ಆ ಗ್ಯಾಸನ್ನು ಈ ವಾಲ್ವ್ ಮೂಲಕ ಇನ್‌ಟೇಕ್ ಮ್ಯಾನಿಫೋಲ್ಡ್ (ಇಂಜಿನ್ನಿಗೆ ಗಾಳಿ ಒಯ್ಯುವ ಕೊಳವೆ) ಎಳೆದುಕೊಳ್ಳುತ್ತದೆ, ಇಂಜಿನ್ ಮತ್ತೆ ಸುಡುತ್ತದೆ. ದಾರಿ ಕಟ್ಟಿದರೆ ಒಳಗೆ ಒತ್ತಡ ಏರಿ, ಸಿಕ್ಕ ಸಂದಿಯಲ್ಲೆಲ್ಲ ಆಯಿಲ್ ಹೊರಬರುತ್ತದೆ. ಏರ್ ಫಿಲ್ಟರ್ ಡಬ್ಬಿಯಲ್ಲಿ ಆಯಿಲ್ ಕಂಡರೂ ಇದರ ಮೇಲೇ ಅನುಮಾನ ಪಡಿ.

ಮೊದಲು ಇಂಜಿನ್ ಆಫ್ ಮಾಡಿ ವಾಲ್ವ್ ಹುಡುಕಿ. ಹಳೇ ಕಾರುಗಳಲ್ಲಿ ಸಾಮಾನ್ಯವಾಗಿ ಟ್ಯಾಪೆಟ್ ಕವರ್ ಮೇಲೆ, ರಬ್ಬರ್ ಬುಷ್‌ನಲ್ಲಿ ಸಿಕ್ಕಿಸಿರುತ್ತಾರೆ. ವಾಲ್ವ್‌ಗೆ ಜೋಡಿಸಿದ ಹೋಸ್ ಬಿಚ್ಚದೆ, ಬುಷ್‌ನಿಂದ ವಾಲ್ವ್ ಮಾತ್ರ ಎಳೆದುಕೊಳ್ಳಿ. ಈಗ ಗಾಡಿ ಸ್ಟಾರ್ಟ್ ಮಾಡಿ ಐಡ್ಲಿಂಗ್‌ನಲ್ಲಿ ಬಿಡಿ. ಬೆಲ್ಟು, ಫ್ಯಾನಿನ ಹತ್ತಿರ ಕೈ, ತೋಳು ಹೋಗದಂತೆ ನೋಡಿಕೊಳ್ಳಿ. ವಾಲ್ವ್ ಬಾಯಿಗೆ ಬೆರಳಿಟ್ಟರೆ ಚರ್ಮ ಎಳೆದ ಹಾಗಾಗಬೇಕು. ಎಳೆತವೇ ಇಲ್ಲವೇ? ಹೋಸ್‌ನಿಂದ ವಾಲ್ವ್ ಬಿಡಿಸಿ, ಹೋಸ್ ಬಾಯಿಗೇ ಬೆರಳಿಡಿ. ಅಲ್ಲಿ ಎಳೆತ ಇದ್ದರೆ ವಾಲ್ವ್ ಹೋಗಿದೆ. ಅಲ್ಲೂ ಇಲ್ಲದಿದ್ದರೆ ಹೋಸ್ ಅಥವಾ ಮ್ಯಾನಿಫೋಲ್ಡ್‌ನ ತೂತು ಕಟ್ಟಿದೆ.

ಇಂಜಿನ್ ನಿಲ್ಲಿಸಿ ವಾಲ್ವನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಟಕ್ ಟಕ್ ಅನ್ನಬೇಕು. ಸದ್ದಿಲ್ಲದಿದ್ದರೆ ಬದಲಿಸಿ. ಆದರೆ ಸದ್ದು ಬಂತು ಅಂತ ಪೂರ್ತಿ ನಂಬಬೇಡಿ, ಸ್ಪ್ರಿಂಗ್ ಸೋತ ವಾಲ್ವ್ ಕೂಡ ಟಕ್ ಅನ್ನುತ್ತದೆ. ತೆರೆದೇ ಸಿಕ್ಕಿಕೊಂಡರೆ ಗಾಳಿ ಜಾಸ್ತಿ ನುಗ್ಗಿ ಸಿಗ್ನಲ್‌ನಲ್ಲಿ ಗಾಡಿ ನಡುಗುತ್ತದೆ, ಆಯಿಲ್ ಕೂಡ ಕುಡಿಯುತ್ತದೆ. ಕ್ಲೀನರ್ ಹೊಡೆದು ತೊಳೆಯುವವರಿದ್ದಾರೆ. ನನ್ನ ಪ್ರಕಾರ ಇಷ್ಟು ಚಿಕ್ಕ ಸಾಮಾನಿಗೆ ಆ ಜಿಪುಣತನ ಬೇಡ.

ಹೊಸ ಕಾರುಗಳಲ್ಲಿ ಎಷ್ಟೋ ಕಡೆ ಇದು ಕವರಿನೊಳಗೇ ಸೇರಿರುತ್ತದೆ. ಐಡ್ಲಿಂಗ್‌ನಲ್ಲಿ ಆಯಿಲ್ ಮುಚ್ಚಳ ತೆಗೆಯಲು ಕಷ್ಟವಾಗುವಷ್ಟು ಬಿಗಿಯಾಗಿ ಎಳೆದುಕೊಂಡು, ತೆಗೆದೊಡನೆ ಇಂಜಿನ್ನಿನಿಂದ ಬರುತ್ತಿದ್ದ ಸಿಳ್ಳೆಯಂಥ ಸದ್ದು ನಿಂತರೆ, ಒಳಗಿನ ರಬ್ಬರ್ ಪರದೆ ಹರಿದಿರುವ ಸಾಧ್ಯತೆ ಹೆಚ್ಚು.

ಮಳೆಗಾಲದಲ್ಲಿ ದಿನಾ ಎರಡು ಕಿಲೋಮೀಟರ್ ಮಾತ್ರ ಓಡಿಸುವವರ ಆಯಿಲ್ ಮುಚ್ಚಳದ ಒಳಗೆ ಕಾಫಿ ನೊರೆಯಂಥದ್ದು ಕಂಡರೆ ಗಾಬರಿ ಬೇಡ. ನೊರೆ ಒರೆಸಿ, ಒಮ್ಮೆ ದೂರ ಓಡಿಸಿ ಬನ್ನಿ. ಮತ್ತೆ ನೊರೆ ಕಟ್ಟಿದರೆ ವಾಲ್ವ್ ನೋಡಿ. ಕೂಲೆಂಟ್ ಮಟ್ಟವೂ ಇಳಿಯುತ್ತಿದ್ದರೆ ಮಾತ್ರ ತಡಮಾಡದೆ ಮೆಕ್ಯಾನಿಕ್ ಹತ್ತಿರ ಹೋಗಿ. ಹೊಸ ವಾಲ್ವ್ ಹಾಕಿದ ಮೇಲೂ ಆಯಿಲ್ ತೂತಿನಿಂದ ಬುಸ್ ಬುಸ್ ಹೊಗೆ ಬಂದರೆ ರಿಂಗ್ ಸವೆದಿರಬಹುದು, ಕಂಪ್ರೆಷನ್ ಚೆಕ್ ಮಾಡಿಸಿ.

ವಾಲ್ವ್ ಜೊತೆ ರಬ್ಬರ್ ಬುಷ್ಷನ್ನೂ ತಂದಿಟ್ಟುಕೊಳ್ಳಿ. ನನ್ನದು ಕೋಡುಬಳೆಯಂತೆ ಗಟ್ಟಿಯಾಗಿತ್ತು, ಎಳೆದಾಗ ಪುಡಿಯಾಯಿತು. ಇಂಜಿನ್ ಒಳಗೆ ಬಿದ್ದ ಒಂದು ಚೂರನ್ನು ಚಿಮಟದಲ್ಲಿ ತೆಗೆಯಲು ಅರ್ಧ ಗಂಟೆ ಹಿಡಿಯಿತು.