14 ಸಾವಿರ ಗಂಟೆ ಓಡಿದ ಜೆಸಿಬಿ ಕೊಂಡು ದುಡಿಸಿದ ನನ್ನ ಅನುಭವ

2021ರ ಕೊನೆಯಲ್ಲಿ ತುಮಕೂರು ರಸ್ತೆಯಲ್ಲಿ, ಸಾಲ ಕಟ್ಟದ ಗಾಡಿ ಹಿಡಿದಿಡುವ ಒಂದು ಸೀಜಿಂಗ್ ಯಾರ್ಡ್‌ನಿಂದ 2010ರ ಮಾಡೆಲ್ 3ಡಿಎಕ್ಸ್ ಜೆಸಿಬಿ ತಂದೆ. ಅವರ್ ಮೀಟರ್ ಯಾವತ್ತೋ ನಿಂತಿತ್ತು. ಪೆಡಲ್ ರಬ್ಬರ್ ಸವೆದು ಕಬ್ಬಿಣ ಹೊಳೆಯುತ್ತಿತ್ತು. ಅದನ್ನೂ ಹಳೇ ಸರ್ವಿಸ್ ಚೀಟಿಯನ್ನೂ ನೋಡಿ 14 ಸಾವಿರ ಗಂಟೆ ಅಂತ ನಾನೇ ಅಂದಾಜು ಹಾಕಿದೆ. ಏಳೂಕಾಲು ಲಕ್ಷಕ್ಕೆ ಮಾತಾಯಿತು. ಅರಸೀಕೆರೆವರೆಗೆ ಓಡಿಸಿಕೊಂಡೇ ಬಂದೆ. ಗೇರ್ ಬಾಕ್ಸ್ ಹೇಗಿದೆ ಅಂತ ದಾರಿಯಲ್ಲೇ ಗೊತ್ತಾಗಿಬಿಡುತ್ತೆ.

ನಮ್ಮ ಮಾವ ಗಾಡಿ ಸುತ್ತ ಒಂದು ಸುತ್ತು ಬಂದು, "ಗುಜರಿಗೆ ಹಾಕೋದನ್ನ ದುಡ್ಡು ಕೊಟ್ಟು ತಂದಿದ್ದೀಯಲ್ಲಪ್ಪ" ಅಂದರು. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ ಮೇಸ್ತ್ರಿಯೂ ಗಾಡಿಯ ಹಿಂದಿನ ಅಗೆಯುವ ಕೈ ಅಲ್ಲಾಡಿಸಿ ನೋಡಿ, ಆರು ತಿಂಗಳೂ ಬರಲ್ಲ ಅಂದ.

ಎಲ್ಲರೂ ಮೊದಲು ಇಂಜಿನ್ ನೋಡುತ್ತಾರೆ. ಕಿರ್ಲೋಸ್ಕರ್ ಇಂಜಿನ್ ಇರುವ ಹಳೇ ಗಾಡಿಗೆ ಲೈನರ್, ಪಿಸ್ಟನ್ ಎಲ್ಲ ಸುತ್ತಮುತ್ತಲೇ ಸಿಗುತ್ತೆ. ನನಗೆ ಅದಕ್ಕೆ ಆಗಿದ್ದು ಒಂದು ಲಕ್ಷದ ಮೇಲೆ ಸ್ವಲ್ಪ. ನಾನು ನೋಡೋದು ಹಿಂಬದಿ. ಬಕೆಟ್ ನೆಲಕ್ಕೆ ಊರಿಸಿ, ಆ ಕೈಯ ಮೇಲಿನ ತುಂಡು, ಅಂದರೆ ಬೂಮ್, ಒಂದಿಷ್ಟೇ ಎತ್ತಿ ಇಳಿಸೋಕೆ ಹೇಳಿ, ದೂರ ಕೂತು ಕೀಲಿಗೆ ಟಾರ್ಚ್ ಬಿಡುತ್ತೇನೆ. ಈ ಗಾಡಿಯಲ್ಲಿ ಬೂಮ್‌ಗೂ ಬಕೆಟ್ ಹಿಡಿದ ಕೆಳಗಿನ ತುಂಡು ಡಿಪ್ಪರ್‌ಗೂ ನಡುವಿನ ಪಿನ್ ಐದಾರು ಎಂಎಂ ಎಗರುತ್ತಿತ್ತು. ಇಡೀ ಕೈ ಎಡಬಲಕ್ಕೆ ತಿರುಗುವ ಕಿಂಗ್ ಪೋಸ್ಟ್ ಅದಕ್ಕಿಂತ ಜಾಸ್ತಿ. ಆದರೆ ಎಲ್ಲೂ ಬಿರುಕಿರಲಿಲ್ಲ. ಬಿರುಕಿದ್ದಿದ್ದರೆ ನಾಲ್ಕು ಲಕ್ಷಕ್ಕೆ ಕೊಟ್ಟರೂ ತರುತ್ತಿರಲಿಲ್ಲ.

ಪಿನ್ ಸವೆದರೆ ಪಿನ್ ಹಾಕಬಹುದು, ಪಿನ್ ಸುತ್ತಲಿನ ಬಳೆ, ಅಂದರೆ ಬುಷ್, ಸವೆದರೆ ಬುಷ್ ಹಾಕಬಹುದು. ಬುಷ್ ಕೂರುವ ಮನೆಯೇ ಮೊಟ್ಟೆ ಆಕಾರಕ್ಕೆ ಬಂದಿದ್ದರೆ? 2018ರಲ್ಲಿ ನನ್ನ ಹಿಂದಿನ ಗಾಡಿಗೆ ಎಲ್ಲರೂ ಮಾಡೋದನ್ನೇ ಮಾಡಿದ್ದೆ. ಹೊಸ ಬುಷ್ ಹೊಡೆದು, ಲೂಸ್ ಇದ್ದಲ್ಲಿ ಸುತ್ತ ಅಲ್ಲಲ್ಲಿ ಚುಕ್ಕೆ ಬೆಸುಗೆ, ಅಂದರೆ ಟ್ಯಾಕ್ ವೆಲ್ಡಿಂಗ್. 150 ಗಂಟೆಗೆ ಟ್ಯಾಕ್ ಕಿತ್ತು, ಬುಷ್ ಒಳಗೇ ತಿರುಗಿ ಮನೆಯನ್ನು ಇನ್ನಷ್ಟು ತಿಂದುಹಾಕಿತು. ಸಾಮಾನಿಗೆ 40 ಸಾವಿರ ಹೋಯಿತು. ಕೃಷಿ ಹೊಂಡದ ಸೀಸನ್‌ನಲ್ಲಿ 11 ದಿನ ಗಾಡಿ ನಿಂತಿತು. ಗಂಟೆಗೆ 900ರಂತೆ ಲೆಕ್ಕ ಹಾಕಿ, ಎಂಬತ್ತು ಸಾವಿರದ ಹತ್ತಿರ ಬಾಡಿಗೆ ಹೋಯಿತು.

ಆಗಲೇ ಬಕೆಟ್ ಲಿಂಕ್‌ಗೆ ನೈಲಾನ್ ಬುಷ್ ಕಡೆಸಿ ಹಾಕಿಯೂ ನೋಡಿದ್ದೆ. ಮೊದಲ ವಾರ ಸದ್ದೇ ಇಲ್ಲ, ಬಹಳ ಖುಷಿಯಾಗಿತ್ತು. ತಿಂಗಳು ಕಳೆದು ಬಿಚ್ಚಿದರೆ ಮರಳು ನೈಲಾನ್ ಒಳಗೆ ಕಚ್ಚಿಕೊಂಡು ಉಪ್ಪುಕಾಗದದ ಹಾಗೆ ಪಿನ್ ಉಜ್ಜಿಬಿಟ್ಟಿತ್ತು. ಅಗೆಯುವಾಗ ನೆಲಕ್ಕೆ ಊರುವ ಜಾಕ್ ಕಾಲಿನ ಪ್ಯಾಡ್‌ಗೆ ನೈಲಾನ್ ಸರಿ. ಮಣ್ಣಲ್ಲಿ ಮುಳುಗೋ ಪಿನ್‌ಗೆ ಬೇಡ.

ಈ ಸಲ ಪೀಣ್ಯದಿಂದ, ಸವೆದ ಮನೆಯನ್ನು ಮತ್ತೆ ದುಂಡಗೆ ಕೊರೆಯುವ ಪೋರ್ಟಬಲ್ ಲೈನ್ ಬೋರಿಂಗ್ ಮೆಷಿನ್ ತರಿಸಿ ನಮ್ಮ ಶೆಡ್‌ನಲ್ಲೇ ಕೆಲಸ ಮಾಡಿಸಿದೆ. ತ್ರೀ ಫೇಸ್ ಯಾವಾಗ ಬರುತ್ತೋ ಹೇಳೋಕಾಗಲ್ಲ, ಅದಕ್ಕೇ ಜನರೇಟರ್ ಬಾಡಿಗೆಗೆ ತಂದೆ. ಏಳು ಮನೆ. ಒಂದಕ್ಕೆ ಒಂಬತ್ತು ಸಾವಿರದಂತೆ 63 ಸಾವಿರ. ಮೊದಲು ಮನೆ ಒಳಗೆ ವೆಲ್ಡಿಂಗ್ ತುಂಬಿ, ಆಮೇಲೆ ಕೊರೆಯಬೇಕು. ಎರಡು ಮನೆಯಲ್ಲಿ ಟೂಲ್ ಇಳಿದಾಗ ವೆಲ್ಡಿಂಗ್ ತುಂಬ ಸಾಸಿವೆ ಕಾಳಿನಷ್ಟು ತೂತುಗಳು! 7018 ವೆಲ್ಡಿಂಗ್ ರಾಡ್ ಪೊಟ್ಟಣ ಹಿಂದಿನ ರಾತ್ರಿ ತೆರೆದೇ ಇತ್ತು, ತೇವ ಹಿಡಿದಿತ್ತು. ಎರಡನ್ನೂ ಕೆರೆದು, ರಾಡ್ ಕಾಯಿಸಿ, ಮನೆ ಸುತ್ತಲಿನ ದಪ್ಪ ಕಬ್ಬಿಣಕ್ಕೂ, ಅಂದರೆ ಬಾಸ್‌ಗೂ, ಗ್ಯಾಸ್ ಬೆಂಕಿ ಕೊಟ್ಟು ಮತ್ತೆ ತುಂಬಿಸಿದೆವು. ಒಂದೂವರೆ ದಿನ ದಂಡ. ಮೇಸ್ತ್ರಿ ಪಕ್ಕದಲ್ಲೇ ನಿಂತು "ನಾನು ಹೇಳಲಿಲ್ವಾ" ಅನ್ನುತ್ತಿದ್ದ.

ತುಂಬಿದ ಮೇಲೆ ಕೊರೆಯುವ ಬಾರ್‌ನ ಸೆಂಟರ್ ಎಲ್ಲಿಂದ ಹಿಡಿಯೋದು ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ. ನಾಲ್ಕು ವರ್ಷ ದುಡ್ಡು ಕಳೆದು ಕಲಿತದ್ದು, ಈಗ ಅದೇ ನನ್ನ ಅನ್ನ.

ಬುಷ್ ಕೂರಿಸೋದು ಹೇಳುತ್ತೇನೆ. ಹೊರಗಡೆ ಸುಮಾರು 60 ಎಂಎಂ ಇರುವ ಬುಷ್‌ಗೆ, ಮನೆಗಿಂತ ಆರೇಳು ಪಾಯಿಂಟ್ ದಪ್ಪ ಇಡಿಸಿದ್ದೆ, ಅಂದರೆ ಒಂದು ಕೂದಲಷ್ಟು. ಸುತ್ತಿಗೆಯಲ್ಲಿ ಹೊಡೆದರೆ ಬಾಯಿ ಹಿಗ್ಗುತ್ತೆ, ಪಿನ್ ಇಳಿಯಲ್ಲ. ಎಲ್ಲ ಬುಷ್‌ಗಳನ್ನೂ ಪಕ್ಕದ ಐಸ್‌ಕ್ರೀಮ್ ಅಂಗಡಿಯ ಫ್ರೀಜರ್‌ನಲ್ಲಿ ಒಂದು ರಾತ್ರಿ ಇಟ್ಟೆವು. ಬೆಳಿಗ್ಗೆ ಬಾಸ್‌ನ ಹೊರಮೈಗೆ ನೀರು ಚಿಮುಕಿಸಿದರೆ ಚುಂಯ್ ಅನ್ನೋವರೆಗೆ ಬೆಂಕಿ ಕೊಟ್ಟೆವು. ಬಿಳಿ ಹಿಮ ಕಟ್ಟಿದ ಬುಷ್ ಕೈಗವಸಿನಲ್ಲಿ ಹಿಡಿದು ಒಳಗೆ ತಳ್ಳಿದರೆ ಮರದ ಕೊಡತಿಯ ನಾಲ್ಕು ಏಟಿಗೆ ಕೂತಿತು. ಎರಡು ನಿಮಿಷದಲ್ಲಿ ಬಿಗಿ. ಆವತ್ತು ಮೇಸ್ತ್ರಿ ಮಾತಾಡಲಿಲ್ಲ, ಉಳಿದ ಆರನ್ನೂ ತಾನೇ ಕೂರಿಸಿದ.

ಪಿನ್ ಬುಷ್‌ಗೆ 85 ಸಾವಿರ. ಹೋಸ್, ಸೀಲ್ ಕಿಟ್‌ಗೆ 60 ಸಾವಿರ. ಹಿಂದಿನ ಎರಡು ಟೈರ್ ಸೆಕೆಂಡ್‌ಹ್ಯಾಂಡ್. ಎಲ್ಲ ಸೇರಿ ಹನ್ನೊಂದೂವರೆ ಲಕ್ಷ ಬಿತ್ತು. ಡಿಪ್ಪರ್ ರಾಮ್, ಅಂದರೆ ಹೈಡ್ರಾಲಿಕ್ ಸಿಲಿಂಡರ್‌ನ ರಾಡ್‌ಗೆ ಕಡಿಮೆ ರೇಟಿಗೆ ಹಾರ್ಡ್ ಕ್ರೋಮ್ ಮಾಡಿಸಿದ್ದು ಮೂರೇ ತಿಂಗಳಲ್ಲಿ ಸಿಪ್ಪೆ ಎದ್ದು ಸೀಲ್ ಕುಯ್ದಿತು, ಕೊನೆಗೆ ಹೊಸ ರಾಡ್ ಹಾಕಿದೆ. ಕಾಗದದ ಕೆಲಸವೂ ಸುಲಭ ಇರಲಿಲ್ಲ. ಆರ್‌ಸಿಯಿಂದ ಸಾಲದ ಹೆಸರು ತೆಗೆಸೋಕೆ ಬೇಕಾದ ಫೈನಾನ್ಸ್‌ನವರ ಫಾರಂ 35 ಕೈಗೆ ಬರೋಕೆ ಎರಡು ತಿಂಗಳು. ಅದು ಬರೋವರೆಗೆ ಪೂರ್ತಿ ದುಡ್ಡು ಕೊಡಬೇಡಿ.

ಗ್ರೀಸ್ ಬೆಳಿಗ್ಗೆ ಹೊಡೆಯೋದು ಬಿಟ್ಟೆ. ಸಂಜೆ ಕೆಲಸ ಮುಗಿದ ತಕ್ಷಣ, ಪಿನ್ ಬಿಸಿ ಇರುವಾಗಲೇ ಹೊಡೆಸುತ್ತೇನೆ. ದಿನದ ಮಣ್ಣೆಲ್ಲ ಕಪ್ಪಗೆ ಹೊರಗೆ ಬರುತ್ತೆ.

ಡೀಸೆಲ್, ಡ್ರೈವರ್ ಬಾಟಾ, ರಿಪೇರಿ ಎಲ್ಲ ಕಳೆದು ಗಂಟೆಗೆ 400 ಉಳಿಯಿತು ಅಂತಿಟ್ಟುಕೊಳ್ಳಿ. 2,900 ಗಂಟೆ ಓಡಿದಾಗ ಹಾಕಿದ ದುಡ್ಡು ಪೂರ್ತಿ ವಾಪಸ್. ಬಕೆಟ್ ಕಡೆಯ ಎರಡು ಬುಷ್ ಒಂದು ಸಲ ಬದಲಾಯಿಸಿದೆ. ಮನೆ ದುಂಡಗೇ ಇದ್ದುದರಿಂದ ಮಧ್ಯಾಹ್ನ ಊಟಕ್ಕೆ ಮುಂಚೆ ಕೆಲಸ ಮುಗಿದಿತ್ತು. ಬೂಮ್ ಕೀಲು ಹೋದ ವಾರ ಅಳೆದೆ. ಆಟ ಒಂದು ಎಂಎಂ ಕೂಡ ಇಲ್ಲ. ಮಾವ ಈಗ ತಮ್ಮ ತೋಟದಲ್ಲಿ ತೆಂಗಿನ ಗುಂಡಿ ತೆಗೆಸೋಕೆ ಇದೇ ಗಾಡಿ ಕೇಳಿದ್ದಾರೆ, ಭಾನುವಾರ ಹೋಗುತ್ತಿದೆ.