ಮೊದಲ ಟೀಮ್ ಫೀಲ್ಡ್ ಮ್ಯಾಚ್‌ಗೆ ಹೊರಟವರಿಗೆ: ಗುಂಡಿಗಿಂತ ಮೊದಲು ಮಾತು

ಕೊಡಗಿನವನು ಅಂದ ಕೂಡಲೇ ಡೆನ್ವರ್‌ನ ಕನ್ನಡದ ಗೆಳೆಯರು "ನಿಮಗೇನು ಬಿಡಿ, ಹುಟ್ಟುತ್ತಲೇ ಕೋವಿ" ಅನ್ನುತ್ತಾರೆ. ಕೈಲ್ ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತೇವೆ, ಆಮೇಲೆ ಮರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತೇವೆ, ನಿಜ. ಆದರೆ ಅಲ್ಲಿ ಕಾಯಿ ಎಲ್ಲಿದೆ ಅಂತ ಊರಿಗೆಲ್ಲ ಗೊತ್ತಿರುತ್ತದೆ. ಇಲ್ಲಿನ ಟೀಮ್ ಫೀಲ್ಡ್ ಮ್ಯಾಚ್‌ನಲ್ಲಿ, ಅಂದರೆ ಇಬ್ಬರು ಜೋಡಿಯಾಗಿ ಬೆಟ್ಟ ಬಯಲಲ್ಲಿ ನಡೆದು ರೈಫಲ್ ಹೊಡೆಯುವ ಪಂದ್ಯದಲ್ಲಿ, ಗುರಿ ಎಲ್ಲಿದೆ ಅಂತ ಹುಡುಕುವುದೇ ಅರ್ಧ ಆಟ.

ನ್ಯೂ ಮೆಕ್ಸಿಕೋದ ರಟೋನ್ ಪಕ್ಕದಲ್ಲಿ ಎನ್‌ಆರ್‌ಎ (ನ್ಯಾಷನಲ್ ರೈಫಲ್ ಅಸೋಸಿಯೇಷನ್) ವಿಟಿಂಗ್ಟನ್ ಸೆಂಟರ್ ಅನ್ನೋ ಶೂಟಿಂಗ್ ಜಾಗ ಇದೆ. ಸುಮಾರು 33,000 ಎಕರೆ, ಬೆಟ್ಟ, ಹುಲ್ಲು, ಜೂನಿಪರ್ ಗಿಡ. ಇಂಥ ಜಾಗದಲ್ಲಿ ಇಬ್ಬರು ರೈಫಲ್, ನೀರು, ಗುಂಡು ಎಲ್ಲವನ್ನೂ ಬೆನ್ನಿಗೆ ಹಾಕಿಕೊಂಡು ಒಂದು ಸ್ಟೇಜ್‌ನಿಂದ (ಗುಂಡು ಹೊಡೆಯುವ ತಾಣ) ಇನ್ನೊಂದಕ್ಕೆ ನಡೆಯಬೇಕು. ರೇಂಜ್ ಆಫೀಸರ್ ಎಡದ ಗಡಿ, ಬಲದ ಗಡಿ ತೋರಿಸುತ್ತಾರೆ. ಗಡಿಯಾರ ಓಡಲು ಶುರು. ಉಕ್ಕಿನ ಪ್ಲೇಟ್‌ಗಳನ್ನು ಹುಡುಕಿ, ದೂರ ಅಳೆದು, ಹೊಡೆಯುವುದೆಲ್ಲ ಆ ಕೆಲವೇ ನಿಮಿಷದಲ್ಲಿ. ಒಬ್ಬೊಬ್ಬರೇ ಆಡುವ ಎನ್‌ಆರ್‌ಎಲ್ ಹಂಟರ್ ಅನ್ನೋ ಬೇಟೆ ಮಾದರಿಯ ಪಂದ್ಯ ಸರಣಿಯಲ್ಲಿ ಒಂದು ಸ್ಟೇಜ್‌ಗೆ 4 ನಿಮಿಷ. ಟೀಮ್ ಪಂದ್ಯಗಳಲ್ಲಿ ಒಂದೊಂದು ಕಡೆ ಒಂದೊಂದು ಥರ, ನಿಯಮ ಪುಸ್ತಕ ಓದಿಕೊಂಡೇ ಹೋಗಿ.

ಇದಕ್ಕೂ ಮೊದಲು ಒಂದು ಮಾತು. ನೀವು ಎಚ್‌1ಬಿಯಂಥ ವೀಸಾದಲ್ಲಿದ್ದರೆ ಬಂದೂಕು, ಗುಂಡು ಕೈಯಲ್ಲಿ ಇಟ್ಟುಕೊಳ್ಳುವುದಕ್ಕೇ ಇಲ್ಲಿನ ಫೆಡರಲ್ ಕಾನೂನಿನ ತಡೆ ಇದೆ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿಗಳು ಮಾತ್ರ ಇವೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಗೆಳೆಯನ ರೈಫಲ್ ತಾನೇ ಅಂತ ಸುಮ್ನೆ ಹೋಗಬೇಡಿ, ವಕೀಲರನ್ನು ಕೇಳಿ.

ರೈಫಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಾನೂ ನನ್ನ ಜೊತೆಗಾರ ಹಾಸನದವನೂ ಹೊಡೆಯುವುದು 6.5 ಕ್ರೀಡ್‌ಮೋರ್, ಇಬ್ಬರದೂ ಒಂದೇ ಗುಂಡು. ಒಬ್ಬನ ಲೆಕ್ಕ ಇನ್ನೊಬ್ಬನಿಗೂ ಹತ್ತಿರ ಬರುತ್ತದೆ, ಒಬ್ಬನ ಮ್ಯಾಗಜೀನ್ ಖಾಲಿಯಾದರೆ ಇನ್ನೊಬ್ಬನದ್ದು ಇದೆ. ಇಬ್ಬರ ಸ್ಕೋಪೂ ಮಿಲ್‌ನಲ್ಲೇ ಇರಲಿ (ಮಿಲ್ ಕೋನದ ಅಳತೆ, 1 ಮಿಲ್ ಅಂದರೆ ದೂರದ ಸಾವಿರದ ಒಂದು ಭಾಗ). ಒಬ್ಬನದು ಎಂಓಎ (ಕೋನದ ಇನ್ನೊಂದು ಅಳತೆ), ಇನ್ನೊಬ್ಬನದು ಮಿಲ್ ಆದರೆ ಬಿಸಿಲಲ್ಲಿ ಗುಣಾಕಾರ ಮಾಡುತ್ತಾ ಕೂರಬೇಕಾಗುತ್ತದೆ. 100 ಗಜಕ್ಕೆ ಜೀರೋ ಮಾಡಿ (ಕ್ರಾಸ್‌ಹೇರ್ ಇಟ್ಟಲ್ಲೇ ಗುಂಡು ಬೀಳುವ ಹಾಗೆ ಸ್ಕೋಪ್ ಹೊಂದಿಸಿ), ಕ್ರೋನೋಗ್ರಾಫ್‌ನಲ್ಲಿ ಗುಂಡಿನ ವೇಗ ಅಳೆದು, 700-800 ಗಜದಲ್ಲಿ ನಿಜವಾಗಿ ಹೊಡೆದು ಆ ಲೆಕ್ಕ ಸರಿಯಿದೆಯಾ ಅಂತ ನೋಡಿಕೊಳ್ಳಿ. ಹ್ಯೂಸ್ಟನ್‌ನಂಥ ಸಮುದ್ರ ಮಟ್ಟದ ಊರಿಂದ ಬರುವವರು ಅಲ್ಲಿನ ಅಂಕಿಗಳನ್ನೇ ರಟೋನ್‌ಗೆ ತರಬೇಡಿ. ಆ ಎತ್ತರದಲ್ಲಿ ಗಾಳಿ ತೆಳು, ಗುಂಡು ಲೆಕ್ಕಕ್ಕಿಂತ ಮೇಲೆ ಬೀಳುತ್ತದೆ.

ಗಾಳಿಗೆ ಒಂದು ಸುಲಭದ ಲೆಕ್ಕ ಇದೆ. ನಮ್ಮ ರೈಫಲ್‌ಗೆ ಆ ಬೆಟ್ಟಗಳಲ್ಲಿ ಗಂಟೆಗೆ ಸುಮಾರು 6 ಮೈಲಿಯ ಗಾಳಿ ನೇರ ಅಡ್ಡ ಬೀಸಿದರೆ, 500 ಗಜಕ್ಕೆ 0.5 ಮಿಲ್, 600ಕ್ಕೆ 0.6, 700ಕ್ಕೆ 0.7. ಗಾಳಿ 12 ಮೈಲಿಯಾದರೆ ಎರಡು ಪಟ್ಟು. ಗುಂಡು ಹೋಗುವ ಗೆರೆಗೆ 30 ಡಿಗ್ರಿ ಓರೆಯಾಗಿ ಬೀಸಿದರೆ ಅರ್ಧ. ನಿಮ್ಮ ರೈಫಲ್‌ಗೆ ಆ 6ರ ಬದಲು ಎಷ್ಟು ಮೈಲಿಯ ಗಾಳಿಗೆ ಈ ಲೆಕ್ಕ ಕೂಡಿಬರುತ್ತದೆ ಅಂತ ಬ್ಯಾಲಿಸ್ಟಿಕ್ ಆ್ಯಪ್‌ನಲ್ಲಿ ಮನೆಯಲ್ಲೇ ಕಂಡುಕೊಂಡು, ಮಣಿಕಟ್ಟಿನ ಕಾರ್ಡ್‌ನಲ್ಲಿ ದೊಡ್ಡದಾಗಿ ಬರೆದುಕೊಳ್ಳಿ. ಕೆಸ್ಟ್ರೆಲ್ (ಕೈಯಲ್ಲಿ ಹಿಡಿಯುವ ಗಾಳಿಮಾಪಕ) ನಿಮ್ಮ ಮೂಗಿನ ಹತ್ತಿರದ ಗಾಳಿಯನ್ನಷ್ಟೇ ಹೇಳುತ್ತದೆ. ಕಣಿವೆಯ ನಡುವಿನ ಹುಲ್ಲು ಯಾವ ಕಡೆ ಬಾಗಿದೆ ಅಂತ ನೀವೇ ನೋಡಬೇಕು.

ಈಗ ಮಾತು. ಹೊಡೆಯೋಕೆ ಬರುವ ಜೋಡಿಗಳು ಸೋಲುವುದು ಹೆಚ್ಚಾಗಿ ಇಲ್ಲೇ. ಸ್ಪಾಟರ್, ಅಂದರೆ ದುರ್ಬೀನಿನಲ್ಲಿ ನೋಡಿ ಹೇಳುವ ಜೊತೆಗಾರ, "ಅಗೋ, ಆ ಬಂಡೆ ಪಕ್ಕ!" ಅನ್ನುತ್ತಾನೆ. ಬೆಟ್ಟದ ತುಂಬಾ ಬಂಡೆಗಳೇ, ಅಲ್ವಾ? ನಾವು ದೊಡ್ಡದರಿಂದ ಚಿಕ್ಕದಕ್ಕೆ ಬರುತ್ತೇವೆ:

"ಎರಡನೇ ದಿಣ್ಣೆ. ಒಣಗಿದ ಒಂಟಿ ಮರ."
"ಸಿಕ್ತು."
"ಅದರ ಬುಡದಿಂದ ಬಲಕ್ಕೆ 15 ಮಿಲ್. ಬಿಳಿ ಬಂಡೆ ಕೆಳಗೆ, ಚೌಕ ಪ್ಲೇಟ್."
"ಚೌಕ ಪ್ಲೇಟ್, ಸಿಕ್ತು."
"640. ನಾಲ್ಕು ಸೊನ್ನೆ."
"ನಾಲ್ಕು ಸೊನ್ನೆ, ತಿರುಗಿಸಿದೆ. ರೆಡಿ."
"ಎಡಕ್ಕೆ ಆರು ಹಿಡಿ. ಸೆಂಡ್."

640 ಅಂದರೆ ದೂರ, ಗಜದಲ್ಲಿ. ನಾಲ್ಕು ಸೊನ್ನೆ ಅಂದರೆ ಆ ದೂರಕ್ಕೆ ಸ್ಕೋಪಿನ ತಿರುಪಿನಲ್ಲಿ 4.0 ಮಿಲ್. ಎಡಕ್ಕೆ ಆರು ಹಿಡಿ ಅಂದರೆ ಗಾಳಿಗಾಗಿ ಕ್ರಾಸ್‌ಹೇರನ್ನು 0.6 ಮಿಲ್ ಎಡಕ್ಕೆ ಇಡು. ಕೇಳಿಸಿಕೊಂಡವನು ಅಂಕಿಯನ್ನು ವಾಪಸ್ ಹೇಳಲೇಬೇಕು. ಗಾಳಿಯನ್ನು ಕೊನೆಗೆ ಹೇಳಬೇಕು, ಯಾಕೆಂದರೆ ಅಷ್ಟರಲ್ಲಿ ಅದು ಬದಲಾಗಿರುತ್ತದೆ. "ಸೆಂಡ್" ಕೇಳಿದ ಮೇಲೆ ಎರಡು ಮೂರು ಸೆಕೆಂಡಿನಲ್ಲಿ ಗುಂಡು ಹೊರಡಬೇಕು. ಆಗಲ್ಲ ಅನ್ನಿಸಿದರೆ "ನಿಲ್ಲು" ಅನ್ನಿ, ಗಾಳಿಯನ್ನು ಮತ್ತೆ ಕೇಳಿ.

ಗುರಿ ತಪ್ಪಿದಾಗ ಇನ್ನೂ ಹುಷಾರಾಗಿರಬೇಕು. "ಎಡ" ಅಂತ ಒಂದೇ ಮಾತು ಬಂದರೆ, ಎಡಕ್ಕೆ ಬಿತ್ತಾ, ಎಡಕ್ಕೆ ಹಿಡಿಯಬೇಕಾ? ನಮ್ಮಲ್ಲಿ ಎಲ್ಲಿ ಬಿತ್ತು ಅಂತ ಹೇಳುವುದೇ ಇಲ್ಲ. ಮುಂದಿನ ಗುಂಡಿಗೆ ಎಷ್ಟು ಹಿಡಿಯಬೇಕೋ ಆ ಪೂರ್ತಿ ಅಂಕಿಯನ್ನೇ ಹೇಳುತ್ತೇವೆ: "ಎಡಕ್ಕೆ ಒಂಬತ್ತು ಹಿಡಿ." ಕೂಡಿ ಕಳೆಯುವ ಕೆಲಸ ಸ್ಪಾಟರ್‌ನದು. ಟ್ರಿಗರ್ ಎಳೆದವನೂ ಬಾಯಿ ಮುಚ್ಚಿಕೊಂಡಿರಬಾರದು. ಕ್ರಾಸ್‌ಹೇರ್ ಬಲಕ್ಕೆ ಜಾರಿದಾಗ ಗುಂಡು ಹೊರಟಿದ್ದರೆ ತಕ್ಷಣ ಹೇಳಬೇಕು. ಇಲ್ಲದಿದ್ದರೆ ಸ್ಪಾಟರ್ ಆ ತಪ್ಪನ್ನೂ ಗಾಳಿಯ ಲೆಕ್ಕಕ್ಕೆ ಸೇರಿಸಿಬಿಡುತ್ತಾನೆ.

ಸ್ಪಾಟರ್ ಕೂರುವ ಜಾಗ ರೈಫಲ್‌ನ ನೇರ ಹಿಂದೆ, ಸ್ವಲ್ಪ ಮೇಲೆ. ಅಲ್ಲಿಂದ ಗುಂಡಿನ ಜಾಡು ಕಾಣುತ್ತದೆ, ಬಿಸಿ ತವದ ಮೇಲಿನ ಗಾಳಿ ನಡುಗಿದ ಹಾಗೆ. ಪಕ್ಕಕ್ಕೆ ಕೂತರೆ ಜಾಡು ಓರೆಯಾಗಿ ಕಂಡು ಮೋಸ ಹೋಗುತ್ತೀರಿ. ದುರ್ಬೀನು ಟ್ರೈಪಾಡ್ ಮೇಲೇ ಇರಲಿ. ಕೈಯಲ್ಲಿ ಹಿಡಿದರೆ ಹುಲ್ಲಿನ ನಡುವಿನ ಪ್ಲೇಟ್ ಸಿಗುವುದು ಕಷ್ಟ.

ದೂರವನ್ನು ಇಬ್ಬರೂ ಅಳೆಯಿರಿ. ದೂರ ಅಳೆಯುವ ರೇಂಜ್‌ಫೈಂಡರ್‌ನ ಲೇಸರ್ ಕೆಲವೊಮ್ಮೆ ಮುಂದಿನ ಹುಲ್ಲಿಗೆ, ಕೆಲವೊಮ್ಮೆ ಹಿಂದಿನ ಗುಡ್ಡಕ್ಕೆ ತಾಗುತ್ತದೆ. 640 ಗಜದಲ್ಲಿ 20 ಗಜ ತಪ್ಪಾದರೆ ಸುಮಾರು 0.2 ಮಿಲ್, ಅಂದರೆ ನಾಲ್ಕೂವರೆ ಇಂಚು. 12 ಇಂಚಿನ ಪ್ಲೇಟ್‌ನ ನಡುವಿಗೆ ಗುರಿಯಿಟ್ಟರೂ ಅಂಚಿಗೆ ಉಳಿಯುವುದು ಒಂದೂವರೆ ಇಂಚು. ಇಬ್ಬರ ಅಂಕಿ ಹೊಂದದಿದ್ದರೆ ಪ್ಲೇಟ್‌ನ ಪಕ್ಕದ ಪೊದೆಯನ್ನೂ ಅಳೆದು ನೋಡಿ.

ಈ ಅಭ್ಯಾಸಕ್ಕೆ ಬಂದೂಕೇ ಬೇಡ. ನಾವಿಬ್ಬರೂ ಸಂಜೆ ಆಫೀಸ್ ಮುಗಿಸಿ ಲೇಕ್‌ವುಡ್‌ನ ಗ್ರೀನ್ ಮೌಂಟನ್‌ಗೆ ದುರ್ಬೀನು, ರೇಂಜ್‌ಫೈಂಡರ್ ಹಿಡಿದು ಹೋಗುತ್ತೇವೆ. ಒಬ್ಬ ಮನಸ್ಸಲ್ಲೇ ಒಂದು ಕಲ್ಲು ಆರಿಸಿಕೊಂಡು ಮಾತಲ್ಲೇ ದಾರಿ ಹೇಳುತ್ತಾನೆ, ಬೆರಳು ತೋರಿಸುವ ಹಾಗಿಲ್ಲ. ಇನ್ನೊಬ್ಬ ಕಂಡುಹಿಡಿದು ದೂರ ಹೇಳಬೇಕು. ವಾಕಿಂಗ್ ಬಂದವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಚೀಲದಲ್ಲಿ ಒಂದೇ ಸಾಮಾನು ಎರಡೆರಡು ಬೇಡ. ಟ್ರೈಪಾಡ್ ಒಬ್ಬ ಹೊರಲಿ, ರೈಫಲ್ ಕೆಳಗೆ ಇಡುವ ಚಿಕ್ಕ ಬ್ಯಾಗ್, ಕೆಸ್ಟ್ರೆಲ್ ಇನ್ನೊಬ್ಬ ಹೊರಲಿ. ನೀರು ಮಾತ್ರ ತಲೆಗೆ 3 ಲೀಟರ್ ಬೇಕೇ ಬೇಕು. ಕಿವಿಗೆ ಎಲೆಕ್ಟ್ರಾನಿಕ್ ಮಫ್ ಹಾಕಿ, ಗುಂಡಿನ ಸದ್ದು ತಡೆದು ಜೊತೆಗಾರನ ಮಾತು ಕೇಳಿಸುತ್ತದೆ. ನಡೆಯುವಾಗ ಮ್ಯಾಗಜೀನ್ ಹೊರಗೆ, ಚೇಂಬರ್‌ನಲ್ಲಿ (ಗುಂಡು ಕೂರುವ ಜಾಗ) ಅದು ಖಾಲಿ ಅಂತ ತೋರಿಸುವ ಫ್ಲ್ಯಾಗ್, ನಳಿಕೆ ಯಾರ ಕಡೆಗೂ ತಿರುಗಬಾರದು. ಇದರಲ್ಲಿ ತಪ್ಪಿದರೆ ಪಂದ್ಯದಿಂದಲೇ ಹೊರಗೆ ಕಳಿಸಬಹುದು. ಹಿಂದಿನ ರಾತ್ರಿ ಬ್ಯಾಟರಿಗಳನ್ನೆಲ್ಲ ಬದಲಾಯಿಸಿ, ರೇಂಜ್‌ಫೈಂಡರ್‌ನದ್ದನ್ನು ಮೊದಲು.